ಸಾಕ್ಷಿ ಕಂಡ ಗೋಡೆ

ಮನೆಯ ಬಚ್ಚಲು ಬಿಟ್ಟು ಬೇರೆಲ್ಲೂ ತನಗೆ ಮೂತ್ರ ಬರುತ್ತಿಲ್ಲ ಎಂಬುದನ್ನು ಅವಳು ಆ ಬೆಳಿಗ್ಗೆ ಕನ್ನಡಿಯ ಮುಂದೆ, ಬಾಯಲ್ಲಿ ಬ್ರಷ್ ಇರುವಾಗಲೇ, ತನಗೆ ತಾನೇ ಒಪ್ಪಿಕೊಂಡಳು. ಏಳು ವಾರವಾಗಿತ್ತು. ಕಚೇರಿಯ ಶೌಚಾಲಯದಲ್ಲಿ ಚಿಲಕ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಎರಡೆರಡು ಸಲ ಎಳೆದು ನೋಡಿ ಕೂತರೂ ಎದುರಿಗೆ ಯಾರೋ ನಿಂತು ನೋಡುತ್ತಿದ್ದಾರೆ ಅನಿಸಿ ಒಳಗಿನದೆಲ್ಲ ಗಂಟು ಕಟ್ಟಿಕೊಳ್ಳುತ್ತಿತ್ತು. ನಲ್ಲಿ ಬಿಟ್ಟುಕೊಂಡು ನೋಡಿದ್ದಳು. ಕಣ್ಣು ಮುಚ್ಚಿ ನೂರರಿಂದ ಹಿಂದಕ್ಕೆ ಎಣಿಸಿದ್ದಳು. ಇವೆಲ್ಲ ಅವಳೇ ಬೇರೆ ಹೆಂಗಸರಿಗೆ ಹೇಳಿಕೊಟ್ಟ ಉಪಾಯಗಳು. "ನಲ್ಲಿ ಬಿಡ್ಲಾ? ಕೆಲವರಿಗೆ ಆ ಸದ್ದಿಗೆ ಬರುತ್ತೆ" ಎಂದು ಕೆಲಸದ ದನಿಯಲ್ಲಿ ಹೇಳುತ್ತಿದ್ದವಳು ತಾನೇ ಎಂಬುದು ನೆನಪಾಗಿ ನಗು ಬಂತು; ನೊರೆ ಗಂಟಲಿಗಿಳಿದು ಕೆಮ್ಮಿದಳು. ಡೈರಿಯಲ್ಲಿ ಕೂಡ ಇದನ್ನು ಬರೆದಿರಲಿಲ್ಲ. ಕಾಲೇಜಿನ ಎರಡನೇ ವರ್ಷದಿಂದ ಒಂದು ದಿನವೂ ತಪ್ಪದೆ ಬರೆದುಕೊಂಡು ಬಂದಿದ್ದ ಡೈರಿ ಈಗ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ, ಚಳಿಗಾಲದ ಬಟ್ಟೆಗಳ ಕೆಳಗೆ ಬಿದ್ದಿತ್ತು. ಅದರ ಕೊನೆಯ ಪುಟದಲ್ಲಿ ಎರಡು ಸಾಲಿದ್ದವು. ಅವು ಅಲ್ಲಿವೆ ಎಂಬುದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ದಿನವಿಡೀ ನಾಲಿಗೆಗೆ ತಗಲುತ್ತಿತ್ತು.

ಅಡುಗೆಮನೆಯಲ್ಲಿ ಅತ್ತಿಗೆ ಲೋಟದ ತುಂಬ ನೀರಿಟ್ಟಳು. ಅವಳು ತುಟಿ ಒದ್ದೆ ಮಾಡಿಕೊಂಡು ಕೆಳಗಿಟ್ಟಳು.

"ಪೂರ್ತಿ ಕುಡಿ. ಒಂದು ಲೋಟ ನೀರಿಗೆ ಇಷ್ಟು ಲೆಕ್ಕ ಹಾಕೋ ಹುಡುಗೀನ ನಾನು ಇನ್ನೊಬ್ಬಳನ್ನ ನೋಡಿಲ್ಲ."

"ಸಾಯಂಕಾಲ ಬಂದು ಕುಡೀತೀನಿ ಅತ್ತಿಗೆ."

"ಬರ್ತೀಯ, ಚಪ್ಪಲೀನೂ ಬಿಡದೆ ಬಚ್ಚಲಿಗೆ ನುಗ್ತೀಯ. ಮೊನ್ನೆ ನಿಮ್ಮಣ್ಣ ಕಳ್ಳ ಬಂದ ಅಂತ ಪೊರಕೆ ಹಿಡ್ಕೊಂಡು ನಿಂತಿದ್ರು."

ಅಮ್ಮ ನಗಲಿಲ್ಲ. ಅಮ್ಮ ಅವಳ ಬಟ್ಟೆ ನೋಡುತ್ತಿದ್ದಳು. "ದೊಡ್ಡವರೆಲ್ಲ ಬರ್ತಾರೆ ಅಂದ್ಯಲ್ಲ, ಈ ಬೂದಿ ಬಣ್ಣದ್ದು ಯಾಕೆ? ಹಸಿರುದು ಹಾಕ್ಕೋ. ಮೀಟಿಂಗಲ್ಲಿ ಎದ್ದು ಕಾಣ್ಬೇಕು."

"ಮೀಟಿಂಗ್ ಅಲ್ಲಮ್ಮ. ವಿಚಾರಣೆ."

"ಯಾರನ್ನ ವಿಚಾರಿಸ್ತಾರೆ?"

"ಬೇರೆಯವರನ್ನ," ಎಂದಳು. ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಬಾಯಿಬಿಟ್ಟು ಮಾತಾಡಲು ಇಷ್ಟು ಕಷ್ಟಪಡುವ ತನಗೆ ಸುಳ್ಳು ಮಾತ್ರ ಎಲ್ಲೂ ತಡೆಯದೆ ಜಾರಿಬರುತ್ತದೆ.

ಅಮ್ಮನ ಮಟ್ಟಿಗೆ ಅವಳದು ಲ್ಯಾಬಿನ ಕೆಲಸ. ಬಿಳಿ ಕೋಟು, ಗಾಜಿನ ಕೊಳವೆ, ಕಂಪ್ಯೂಟರು. ಪಕ್ಕದ ಮನೆಯಾಕೆ ಕೇಳಿದರೆ "ಆಟಗಾರರು ಮದ್ದು ಗಿದ್ದು ತಗೊಂಡಿದಾರಾ ಅಂತ ನಮ್ಮ ಹುಡುಗೀನೇ ಪತ್ತೆ ಹಚ್ಚೋದು" ಎಂದು ಗೇಟಿನ ಹತ್ತಿರ ನಿಂತು ಹೇಳುವ ಅಮ್ಮನ ದನಿಯಲ್ಲಿ ಮೂರು ವರ್ಷದ ಬಿಎಸ್ಸಿ ಸಾರ್ಥಕವಾಗುತ್ತಿತ್ತು. ಪತ್ತೆ ಹಚ್ಚುವವರು ಬೇರೆ ಊರಿನಲ್ಲಿ ಬೇರೆ ಕಟ್ಟಡದಲ್ಲಿದ್ದಾರೆ, ಅವರ ಮುಖವನ್ನು ತಾನೂ ನೋಡಿಲ್ಲ ಎಂದು ಅವಳು ಹೇಳಲಿಲ್ಲ. ಅವಳು ನೋಡುವವಳು. ಪಂದ್ಯ ಮುಗಿಸಿ ಹಗ್ಗದ ನಡುವೆ ಬಗ್ಗಿ ಈಚೆ ಬಂದ ಹೆಣ್ಣು ಬಾಕ್ಸರನ್ನು ಆ ಕ್ಷಣದಿಂದ ಕಣ್ಣಿಂದ ಮರೆಯಾಗಲು ಬಿಡದೆ ಹಿಂಬಾಲಿಸಬೇಕು. ಅವಳು ಅತ್ತರೂ, ವಾಂತಿ ಮಾಡಿಕೊಂಡರೂ, ಗಂಡನಿಗೆ ಫೋನು ಮಾಡಿದರೂ ಪಕ್ಕದಲ್ಲಿರಬೇಕು. ಕೊನೆಗೆ ಶೌಚಾಲಯದೊಳಗೆ ಅವಳ ಜೊತೆಗೇ ಹೋಗಬೇಕು. ಅಂಗಿ ಎದೆಯ ತನಕ ಮೇಲೆ, ಚಡ್ಡಿ ಮೊಣಕಾಲಿನ ತನಕ ಕೆಳಗೆ, ತೋಳು ಮೊಣಕೈ ತನಕ ಮಡಚಿ. ಆಮೇಲೆ ನೋಡಬೇಕು. ಕೊನೆಯಲ್ಲಿ ಹಾಳೆಯ ಮೇಲೆ ಒಂದು ಸಾಲು: ಮಾದರಿಯು ಕ್ರೀಡಾಪಟುವಿನ ದೇಹದಿಂದ ಹೊರಬರುವುದನ್ನು ನಾನು ನೇರವಾಗಿ ನೋಡಿದ್ದೇನೆ. ಅದರ ಕೆಳಗೆ ಸಹಿ. ಹತ್ತು ತಿಂಗಳಲ್ಲಿ ನಲವತ್ತೊಂದು ಸಹಿ ಹಾಕಿದ್ದಳು; ಈ ಏಳು ವಾರದಲ್ಲಿ ಒಂದೂ ಇಲ್ಲ. "ನಾಚಿಕೆ ಯಾಕಮ್ಮ?" ಎಂದಿದ್ದರು ಮೇಡಂ ಮೊದಲ ವಾರದಲ್ಲೇ. "ನಲ್ಲಿ ರಿಪೇರಿಯವನು ನಲ್ಲಿ ನೋಡಿ ನಾಚ್ಕೋತಾನಾ?" ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಇಲ್ಲಿಗೆ ಬಂದವರು ಮೇಡಂ; ಅವರಿಗೆ ಮನುಷ್ಯರ ಮೈ ಎಂದರೆ ದಿನಾ ಒರೆಸಬೇಕಾದ ಮೇಜಿನ ಹಾಗೆ. ಸಂದರ್ಶನದಲ್ಲಿ ಅವಳ ಬಾಯಿಂದ ಒಂದು ಮಾತೂ ಸರಿಯಾಗಿ ಹೊರಡದಿದ್ದಾಗ "ಮಾತಾಡದವರೇ ಈ ಕೆಲಸಕ್ಕೆ ಬೇಕಾಗಿರೋದು" ಎಂದು ಉಳಿದವರ ಬಾಯಿ ಮುಚ್ಚಿಸಿ ಅವಳನ್ನು ಆರಿಸಿದ್ದೂ ಅವರೇ.

ಬಸ್ಸಿನಲ್ಲಿ ಮೇಡಂ ಅವಳಿಗಾಗಿ ಕಿಟಕಿಯ ಪಕ್ಕದ ಜಾಗ ಹಿಡಿದಿದ್ದರು. ಮಡಿಲಲ್ಲಿ ನೀಲಿ ಕಡತ. ಅದರೊಳಗೆ ಅವಳ ಲಿಖಿತ ಹೇಳಿಕೆ ಇತ್ತು. ಮೇಡಂ ಹೇಳಿ ಬರೆಸಿದ್ದು, ಅಕ್ಷರ ಅವಳದು. "ಮೂರೇ ಮಾತು," ಎಂದರು ಮೇಡಂ, ಮಗುವಿಗೆ ಮಗ್ಗಿ ಹೇಳಿಕೊಡುವವರ ಹಾಗೆ ಬೆರಳು ಮಡಚುತ್ತ. "ಜೊತೆಗಿದ್ದೆ. ನೋಡಿದೆ. ಸಹಿ ಹಾಕಿದೆ. ಅಷ್ಟು ಹೇಳಿ ಕೂತ್ಕೋ. ಆ ಎಡಚಿಯ ವಕೀಲ ಸುತ್ತಿ ಬಳಸಿ ಏನೇನೋ ಕೇಳ್ತಾನೆ, ನೀನು ಉದ್ದ ಮಾತಾಡಕ್ಕೆ ಹೋಗ್ಬೇಡ." ಆಮೇಲೆ ತಾವೇ ನಕ್ಕರು. "ನಾನು ಯಾರಿಗೆ ಹೇಳ್ತಿದೀನಿ ನೋಡು. ಉದ್ದ ಮಾತಾಡ್ಬೇಡ ಅಂತ, ನಿನಗೆ." ಅವಳೂ ನಕ್ಕಳು. ಬಸ್ಸು ಗುಂಡಿಗೆ ಇಳಿದು ಎದ್ದಾಗ ಹೊಟ್ಟೆಯ ಕೆಳಗೆ ಒಂದು ಸಣ್ಣ ಭಾರ ಕದಲಿತು. ಬೆಳಿಗ್ಗೆ ನೀರು ಕುಡಿಯದಿದ್ದರೂ ಹೇಗೋ ತುಂಬಿಕೊಳ್ಳುತ್ತದೆ. ಮೇಡಂ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಅವಳ ಮುಂದೆ ಹಿಡಿದರು. ಬೇಡ ಎಂದು ತಲೆ ಆಡಿಸಿದಳು. ಈ ಕೈ ತನ್ನನ್ನು ಹಿಡಿದು ಇಲ್ಲಿಯ ತನಕ ತಂದಿದೆ. ಆ ಹಾಳೆಯಲ್ಲಿ ತನ್ನ ಸಹಿಯ ಕೆಳಗೆ ಇರುವ ಇನ್ನೊಂದು ಸಹಿ ಇದೇ ಕೈಯದು. ಏಳು ವಾರದ ಹಿಂದಿನ ಆ ಪಂದ್ಯದ ದಿನ ಮೇಡಂ ಹೊರಗಿನ ಮೇಜಿನಲ್ಲಿ ಕೂತಿದ್ದರು, ಶೌಚಾಲಯದ ಬಾಗಿಲಿನಾಚೆ. ನೋಡಿದೆಯಾ ಎಂದು ಕೇಳಲೂ ಇಲ್ಲ. ಕೇಳುವ ಅಗತ್ಯವೇ ಇಲ್ಲದಷ್ಟು ನಂಬಿದ್ದರು.

ಎಡಚಿ, ಸುತ್ತಿಗೆ. ಜನ ಅವರಿಬ್ಬರನ್ನು ಕರೆಯುತ್ತಿದ್ದದ್ದೇ ಹಾಗೆ. ಎಡಗೈಯಿಂದ ಹೊಡೆಯುವವಳು ಎಡಚಿ. ಮೂರು ವರ್ಷದಿಂದ ಪಟ್ಟ ಬಿಟ್ಟುಕೊಡದವಳು ಸುತ್ತಿಗೆ. ಒಂದೇ ಗರಡಿಯಲ್ಲಿ, ಒಬ್ಬನೇ ಗುರುವಿನ ಕೈಕೆಳಗೆ ಬೆಳೆದವರು ಈಗ ಒಬ್ಬರ ಹೆಸರನ್ನೊಬ್ಬರು ಬಾಯಲ್ಲಿ ತರುವುದಿಲ್ಲ. "ಅವಳ ಮೂತ್ರಾನ ಎಂಟನೇ ಸುತ್ತಿನಲ್ಲಿ ಪರೀಕ್ಷೆ ಮಾಡಿ, ಪಂದ್ಯ ಮುಗಿದ ಮೇಲಲ್ಲ" ಎಂದು ಎಡಚಿ ಪತ್ರಿಕೆಯವರ ಮುಂದೆ ಹೇಳಿದ್ದಳು. "ಸೋತವರಿಗೆ ಗೆದ್ದವರ ಬಚ್ಚಲಿನದೇ ಚಿಂತೆ" ಎಂದು ಸುತ್ತಿಗೆ ಉತ್ತರ ಕೊಟ್ಟಿದ್ದಳು. ಅಂದಿನ ಅವರಿಬ್ಬರ ಪಂದ್ಯ ಆರನೇ ಸುತ್ತಿಗೆ ಮುಗಿಯಿತು. ಎಡಚಿಯ ಕಣ್ಣಿನ ಮೇಲೆ ಬಿದ್ದ ಏಟಿನ ಸದ್ದು ಹಗ್ಗದಾಚೆ ಕಾದು ನಿಂತಿದ್ದ ಇವಳಿಗೆ ಇವತ್ತಿಗೂ ಕೇಳುತ್ತದೆ, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಒಗೆದ ಹಾಗೆ. ಎಡಚಿಗೆ ಬೇರೊಬ್ಬಳು ಸಾಕ್ಷಿ, ಅನುಭವಸ್ಥೆ. ಸುತ್ತಿಗೆಗೆ ಇವಳು.

ಪಂದ್ಯ ಮುಗಿದ ಮೇಲೆ ಸುತ್ತಿಗೆಯೂ ಇವಳೂ ಒಂದೂಮುಕ್ಕಾಲು ಗಂಟೆ ಕಾದು ಕೂತಿದ್ದರು. ಪಂದ್ಯಕ್ಕೆ ತೂಕ ಇಳಿಸಲು ಎರಡು ದಿನ ನೀರು ಬಿಟ್ಟವರಿಗೆ ಬೇಗ ಬರುವುದಿಲ್ಲ. ಸುತ್ತಿಗೆ ಬಲಗೈಯನ್ನು ಐಸಿನ ಬಕೆಟ್ಟಿನಲ್ಲಿ ಅದ್ದಿ, ಗೋಡೆಗೆ ತಲೆ ಆನಿಸಿ ಕೂತಿದ್ದಳು. ಹತ್ತಿರದಿಂದ ಅವಳ ಮುಖ ಪೋಸ್ಟರಿನಲ್ಲಿದ್ದದ್ದಕ್ಕಿಂತ ಚಿಕ್ಕದು, ಕಿವಿಯ ಹಿಂದೆ ಮಕ್ಕಳಿಗಿರುವಂಥ ಮೃದು ಕೂದಲು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಊದಿದ ಕೈಗೆ ಆಗಲಿಲ್ಲ, ಹಲ್ಲಿನಿಂದ ಕಚ್ಚಿದಳು. ಮುಟ್ಟಬಾರದು ಎಂಬ ನಿಯಮ ಗೊತ್ತಿದ್ದೂ ಇವಳು ಕೈ ಚಾಚಿ ತೆಗೆದುಕೊಟ್ಟಳು. "ಏನು ಓದಿದೀಯ ತಂಗಿ?" "ಬಿಎಸ್ಸಿ." "ಬಿಎಸ್ಸಿ ಓದಿ ಈ ಕೆಲ್ಸಾನಾ? ನಾನು ಎಂಟನೇ ಕ್ಲಾಸು. ನೋಡು, ಇಬ್ರೂ ಒಂದೇ ಬೆಂಚಲ್ಲಿ ಕೂತಿದೀವಿ." ಅವಳಿಗೆ ಎಷ್ಟೋ ದಿನದ ಮೇಲೆ ಮನಸಾರೆ ನಗು ಬಂದಿತ್ತು. "ನೀವು ಬೇಗ ಕುಡೀರಿ ಅಕ್ಕ" ಎಂದಿದ್ದಳು, ಅಕ್ಕ ಎನ್ನಬಾರದು ಎಂಬುದು ಆಮೇಲೆ ನೆನಪಾಯಿತು. ಹಾಳೆಯಲ್ಲಿ, ಈ ವಾರ ತೆಗೆದುಕೊಂಡ ಔಷಧಿ ಎಂಬ ಕಡೆ, ಸುತ್ತಿಗೆ ಹೇಳಿದಂತೆ ತನ್ನ ಕೈಯಾರೆ ಬರೆದಳು: ಹೊಟ್ಟೆನೋವಿನ ಮಾತ್ರೆ, ಇಂದು ಬೆಳಿಗ್ಗೆ ಎರಡು. "ಇವತ್ತು ನಂದು ಎರಡನೇ ದಿನ," ಎಂದಳು ಸುತ್ತಿಗೆ ಮೆಲ್ಲಗೆ, ಹೊರಗಿರುವ ಗಂಡಸರಿಗೆ ಕೇಳದ ಹಾಗೆ. "ಹೊಡೆಸ್ಕೊಂಡಿದ್ದು ಹೊಟ್ಟೆಗೇ. ಯಾರಿಗೆ ಹೇಳಲಿ."

ಶೌಚಾಲಯದೊಳಗೆ ಹೋದ ಮೇಲೆ, ಬಟ್ಟೆಗೆ ಕೈ ಹಾಕಿದ ಸುತ್ತಿಗೆ ತಡೆದು ನಿಂತಳು. ಚಾಂಪಿಯನ್ ಅಲ್ಲ ಆಗ. ಮೂಲೆಯಲ್ಲಿ ನಿಂತ ಒಬ್ಬ ಸುಸ್ತಾದ ಹೆಂಗಸು. "ತಂಗಿ, ಕೊಳೆಯಾಗಿದೆ. ಒಂದು ನಿಮಿಷ ಆ ಕಡೆ ತಿರುಗ್ತೀಯಾ? ನಲ್ಲಿ ಸ್ವಲ್ಪ ಬಿಡು." ಅವಳು ನಲ್ಲಿ ಬಿಟ್ಟಳು. ತಿರುಗಿದಳು. ತಿರುಗುವುದೇ ಸಹಜ, ತಿರುಗದೆ ನಿಲ್ಲುವುದೇ ಅಸಹಜ ಎಂಬ ಹಾಗೆ ಮೈ ತಾನಾಗಿ ತಿರುಗಿತು. ಹತ್ತು ತಿಂಗಳು ಯಾರೋ ಬಲವಂತವಾಗಿ ಹಿಡಿದಿಟ್ಟಿದ್ದ ಕತ್ತನ್ನು ಬಿಟ್ಟ ಹಾಗೆ. ಎದುರಿಗೆ ಬಿಳಿ ಟೈಲ್ಸಿನ ಗೋಡೆ. ಸೋಪಿನ ತಟ್ಟೆಗೆ ಎರಡು ಮೊಳೆ ಇರಬೇಕಾದಲ್ಲಿ ಒಂದೇ ಇತ್ತು. ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ ಒಂದು ಟೈಲ್ಸ್ ಮೂಲೆ ಒಡೆದು, ಒಳಗಿನ ಸಿಮೆಂಟು ಕಾಣುತ್ತಿತ್ತು. ನಲ್ಲಿಯ ನೀರು. ಅದರೊಳಗೆ ಇನ್ನೊಂದು ಸದ್ದು, ಅಥವಾ ಅದೇ ಸದ್ದು. ಆಮೇಲೆ "ಆಯ್ತು" ಎಂಬ ದನಿ. ತಿರುಗಿದಾಗ ಲೋಟದಲ್ಲಿ ತೊಂಬತ್ತರ ಗೆರೆಯ ತನಕ ಬೆಚ್ಚಗಿನ ಹಳದಿ. ಹೊರಗೆ ಎರಡು ಬಾಟಲಿಗೆ ಸುರಿದು, ಮುಚ್ಚಳ ಕಟಕಟ ಎನ್ನುವ ತನಕ ತಿರುಗಿಸಿ, ಸಂಖ್ಯೆ ಓದಿ, ಸಹಿ ಹಾಕಿದರು. ಹೊರಡುವಾಗ ಸುತ್ತಿಗೆ ಎಡಗೈಯಿಂದ ಅವಳ ಭುಜ ತಟ್ಟಿದಳು. "ಈ ಕೆಲಸದಲ್ಲೂ ಮನುಷ್ಯರು ಇದಾರೆ ಅಂತ ಇವತ್ತು ಗೊತ್ತಾಯ್ತು ತಂಗಿ." ಮನೆಗೆ ಬಂದು ಅವಳು ಡೈರಿಯಲ್ಲಿ ಬರೆದಳು: ಇವತ್ತು ಒಬ್ಬ ಹೆಂಗಸಿನ ಮಾನ ಉಳಿಸಿದೆ. ಮೊದಲ ಸಲ ಈ ಕೆಲಸದಲ್ಲಿ ನನ್ನ ಬಗ್ಗೆ ನನಗೆ ಒಳ್ಳೆಯದೆನಿಸಿತು.

ಹನ್ನೆರಡು ದಿನಕ್ಕೆ ಲ್ಯಾಬಿನ ವರದಿ ಬಂತು. ಯಾವ ಮದ್ದೂ ಇಲ್ಲ. ಶುದ್ಧ. ಮೇಡಂ ಓದಿ ಕಡತಕ್ಕೆ ಸೇರಿಸಿದರು. ಎಡಚಿಯ ವಕೀಲ ಮಾತ್ರ ಆ ಶುದ್ಧದಲ್ಲೇ ಬೆರಳಿಟ್ಟ. ಬೆಳಿಗ್ಗೆ ಎರಡು ಮಾತ್ರೆ ನುಂಗಿದವಳ ಮೂತ್ರದಲ್ಲಿ ಸಂಜೆಗೆ ಆ ಮಾತ್ರೆಯ ಸುಳಿವೂ ಇಲ್ಲವೆಂದರೆ ಆ ಮೂತ್ರ ಯಾರದು? ಸುತ್ತಿಗೆಯ ಕಡೆಯವರು, ಮಾತ್ರೆ ಕೈಗೆ ತಗೊಂಡಿದ್ದಳು, ನುಂಗಲು ಮರೆತಿದ್ದಳು, ಏಟು ತಿಂದ ತಲೆಗೆ ಹೇಳುವಾಗ ಗೊಂದಲವಾಯಿತು ಎಂದರು. ಇರಬಹುದು. ಅವಳೂ ಎಷ್ಟು ಸಲ ಮಾತ್ರೆ ಬಿಡಿಸಿಟ್ಟುಕೊಂಡು ಮರೆತಿಲ್ಲ? ಬಾಟಲಿಯಲ್ಲಿರುವುದು ಯಾರದು ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಇದೆ, ಸುತ್ತಿಗೆಯ ರಕ್ತದ ಜೊತೆ ತಾಳೆ ನೋಡುವುದು. ಆದರೆ ಸಾಕ್ಷಿ ನೋಡಿದ್ದಾಳೆ ಎಂದಿರುವ ತನಕ ಆ ಪರೀಕ್ಷೆಗೆ ಯಾರೂ ಆಜ್ಞೆ ಕೊಡುವಂತಿಲ್ಲ, ನಿಯಮ ಹಾಗಿದೆ. ಬೀಗ ಹಾಕಿದ ಕೋಣೆಯ ಮುಂದೆ ಎರಡು ಬಣ ಬಡಿದಾಡುತ್ತಿವೆ. ಬೀಗದ ಕೈ ಮೂಲೆಯಲ್ಲಿ ಬಾಯಿ ಮುಚ್ಚಿ ಕೂತ ಒಬ್ಬ ಹುಡುಗಿಯ ನಾಲಿಗೆಯ ಕೆಳಗಿದೆ. ನೋಡಲಿಲ್ಲ ಎಂದರೆ ಏನಾಗುತ್ತದೆ ಎಂದು ಅವಳು ಎಷ್ಟು ಸಲ ಲೆಕ್ಕ ಹಾಕಿಲ್ಲ! ಕೆಲಸ ಹೋಗುತ್ತದೆ, ಅದು ಚಿಕ್ಕದು. ಹಿಂದಿನ ನಲವತ್ತು ಸಹಿಗಳೂ ಅನುಮಾನಕ್ಕೆ ಬೀಳುತ್ತವೆ. ಕೆಳಗೆ ಸಹಿ ಹಾಕಿದ ಮೇಡಂ ಈ ವಯಸ್ಸಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ತನ್ನನ್ನು ತಂಗಿ ಎಂದವಳ ಪಟ್ಟ ಹೋಗಬಹುದು, ಆಕೆ ನಿಜವಾಗಿಯೂ ಕೊಳೆಗೆ ನಾಚಿದ್ದಿದ್ದರೆ? ಮತ್ತೆ ಗೇಟಿನ ಹತ್ತಿರ ನಿಂತ ಅಮ್ಮ. ನಿಮ್ಮ ಮಗಳು ಏನು ನೋಡಬೇಕಿತ್ತು, ಏನು ನೋಡಲಿಲ್ಲ ಎಂದು ಪತ್ರಿಕೆಯವರು ಅಮ್ಮನಿಗೆ ಹೇಳಿಕೊಡುತ್ತಾರೆ.

ಆ ಟೈಲ್ಸಿನ ಕಡೆಗೆ ತಾನು ಯಾಕೆ ತಿರುಗಿದೆ ಎಂಬುದೇ ಈಗ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಕನಿಕರ ಎಂದು ಡೈರಿ ಹೇಳುತ್ತಿತ್ತು. ಆದರೆ ಡೈರಿಯನ್ನು ಬರೆದವಳೂ ಅವಳೇ. ಹಿಂದಿನ ನಲವತ್ತು ಸಲವೂ ಅವಳು ನೋಡಿದ್ದು ನಿಜ, ಆದರೆ ಹೇಗೆ ನೋಡಿದ್ದಳು? ಮದುವೆ ಮನೆಯಲ್ಲಿ ಪರಿಚಯವಿಲ್ಲದವರ ಮುಂದೆ ಕೂತಾಗ ಕಣ್ಣನ್ನು ಎಲ್ಲೂ ನಿಲ್ಲಿಸದೆ ತೆರೆದಿಟ್ಟುಕೊಳ್ಳುವ ಹಾಗೆ. ನೋಡಿದರೂ ಕಾಣದ ಹಾಗೆ. ಆ ಶ್ರಮ ಒಂದು ದಿನ ತಪ್ಪಿತಲ್ಲ ಎಂಬ ಬಿಡುಗಡೆಗೆ ಕನಿಕರ ಎಂದು ಹೆಸರಿಟ್ಟೆನೇ? ಭುಜ ತಟ್ಟಿಸಿಕೊಳ್ಳಲು ತಿರುಗಿದೆನೇ? ಸುತ್ತಿಗೆ ಮೋಸ ಮಾಡಿದ್ದರೆ, ಒಂದೂಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು ಅವಳು ಅಳೆದದ್ದು ಇದನ್ನೇ ಇರಬೇಕು: ಈ ಹುಡುಗಿ ಒಂದು ಒಳ್ಳೆಯ ಮಾತಿಗೆ ಹಸಿದಿದ್ದಾಳೆ. ಹಾಗೆ ಯೋಚಿಸಿದ ಕೂಡಲೇ ಕಿವಿ ಬಿಸಿಯಾಗುತ್ತಿತ್ತು. ಮೋಸ ಮಾಡದೇ ಇದ್ದರೆ ಹಾಗೆ ಯೋಚಿಸಿದ್ದಕ್ಕೆ ಇನ್ನಷ್ಟು ಬಿಸಿಯಾಗುತ್ತಿತ್ತು.

"ಇಳಿ," ಎಂದರು ಮೇಡಂ. "ಎಲ್ಲಿದೀಯ ನೀನು?"

ವಿಚಾರಣೆ ನಾಲ್ಕನೇ ಮಹಡಿಯಲ್ಲಿ. ಕಾರಿಡಾರಿನ ಒಂದು ಬದಿಯ ಬೆಂಚಿನಲ್ಲಿ ಸುತ್ತಿಗೆ, ಅವಳ ಗಂಡ, ವಕೀಲೆ. ಎದುರು ಬದಿಯಲ್ಲಿ ಕಪ್ಪು ಕನ್ನಡಕ ಹಾಕಿದ ಎಡಚಿ, ಅವಳ ವಕೀಲ. ನಡುವೆ ನೀರಿನ ಕ್ಯಾನು. ಅದರೊಳಗೆ ಆಗಾಗ ಒಂದು ದೊಡ್ಡ ಗುಳ್ಳೆ ಬುಳಕ್ ಎಂದು ಏಳುತ್ತಿತ್ತು, ಪ್ರತಿ ಸಲವೂ ಅವಳ ಹೊಟ್ಟೆಯ ಕೆಳಗಿನ ಭಾರ ಬಿಗಿಯಾಗುತ್ತಿತ್ತು. ಸುತ್ತಿಗೆ ಅವಳನ್ನು ಕಂಡು ಮಾತಾಡಲಿಲ್ಲ, ವಕೀಲೆ ಬೇಡವೆಂದಿರಬೇಕು. ಹುಬ್ಬು ಮಾತ್ರ ಎತ್ತಿ ಇಳಿಸಿದಳು. ಚೆನ್ನಾಗಿದೀಯಾ ತಂಗಿ ಎಂದ ಹಾಗೆ. ಒಂದು ಗಂಟೆ ಕಾಯಿಸಿದರು. ಕೊನೆಗೆ ತಡೆಯಲಾಗದೆ ಎದ್ದು ಕಾರಿಡಾರಿನ ತುದಿಯ ಶೌಚಾಲಯಕ್ಕೆ ಹೋದಳು. ಚಿಲಕ ಹಾಕಿ ಎರಡು ಸಲ ಎಳೆದು ನೋಡಿದಳು. ಕೂತಳು. ನೂರು, ತೊಂಬತ್ತೊಂಬತ್ತು, ತೊಂಬತ್ತೆಂಟು. ಎಪ್ಪತ್ತರ ಹತ್ತಿರ ಹೊರಗಿನ ಬಾಗಿಲು ಸದ್ದಾಯಿತು, ಯಾರೋ ನಲ್ಲಿ ತಿರುಗಿಸಿದರು. ಬರಲಿಲ್ಲ. ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದಾಗ ಕೈತೊಳೆಯುವ ಬೇಸಿನ್ನಿನ ಮುಂದೆ ಎಡಚಿ ನಿಂತಿದ್ದಳು. ಕಪ್ಪು ಕನ್ನಡಕ ಪಕ್ಕಕ್ಕಿಟ್ಟು, ಎಡಗಣ್ಣಿಗೆ ಹನಿ ಬಿಟ್ಟುಕೊಳ್ಳಲು ತಲೆ ಹಿಂದಕ್ಕೆ ಬಾಗಿಸಿದ್ದಳು. ಹನಿ ಕೆನ್ನೆಯ ಮೇಲೆ ಬಿತ್ತು.

"ಸಾಕ್ಷಿ ಅಲ್ವಾ ನೀನು?" ಕನ್ನಡಿಯೊಳಗಿಂದಲೇ ಕೇಳಿದಳು. "ಹೆದರ್ಬೇಡ, ಹೊಡೆಯಲ್ಲ. ಹೊಡೆದ್ರೂ ತಪ್ಪಿಹೋಗುತ್ತೆ, ಈ ಕಡೆ ಏನೂ ಕಾಣಲ್ಲ."

ಅವಳು ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. "ನೋವಿದ್ಯಾ?"

"ನೋವಿದ್ರೆ ವಾಸಿಯಾಗ್ತಿದೆ ಅಂತ ಅರ್ಥವಂತೆ. ನೋವಿಲ್ಲ." ಮತ್ತೆ ತಲೆ ಬಾಗಿಸಿದಳು, ಮತ್ತೆ ಹನಿ ತಪ್ಪಿತು. "ನಿಮ್ಮ ಕಡೆಯವಳು ಅವತ್ತು ನನ್ನ ಜೊತೆ ಬಂದಿದ್ಲಲ್ಲ, ದಪ್ಪ ಕನ್ನಡಕದವಳು. ಕಣ್ಣು ಇಷ್ಟು ಊದಿತ್ತು, ನಿಲ್ಲಕ್ಕೆ ಆಗ್ತಿರಲಿಲ್ಲ, ಒಂದು ಕೈಲಿ ಗೋಡೆ ಹಿಡ್ಕೊಂಡಿದ್ದೆ. ಲೋಟ ಎರಡು ಸಲ ಕೆಳಗೆ ಬಿತ್ತು. ಕಾಲೆಲ್ಲ ಒದ್ದೆ. ಸ್ವಲ್ಪ ಆ ಕಡೆ ನೋಡಮ್ಮ ಅಂದೆ. ಅತ್ತೂ ಕೇಳ್ದೆ. ರೆಪ್ಪೆ ಕೂಡ ಮಿಟುಕಿಸಲಿಲ್ಲ ಪುಣ್ಯಾತ್ಗಿತ್ತಿ." ಎಡಚಿ ನಕ್ಕಳು, ಅಥವಾ ಮುಖದ ಒಂದು ಬದಿ ನಕ್ಕಿತು. "ಕೋಪ ಇಲ್ಲ. ಅದು ಅವಳ ಕೆಲಸ. ಸೋತವಳಿಗೂ ಗೆದ್ದವಳಿಗೂ ಅಲ್ಲಿ ಒಂದೇ ಅಂತ ಅಂದ್ಕೊಂಡಿದೀನಿ. ಅಷ್ಟಾದ್ರೂ ಒಂದೇ ಇರಲಿ." ಬಾಟಲಿಯನ್ನು ಅವಳ ಕಡೆ ಚಾಚಿದಳು. "ಒಂದು ಹನಿ ಬಿಡ್ತೀಯಾ? ನಂಗೆ ಅಂದಾಜು ಸಿಗ್ತಿಲ್ಲ."

ಕೈ ಮುಂದೆ ಹೋಗಲಿಲ್ಲ. ಮುಟ್ಟಬಾರದು, ಮಾತಾಡಬಾರದು, ನೀನು ಸಾಕ್ಷಿ. ಅಂದು ಬಾಟಲಿಯ ಮುಚ್ಚಳ ತೆಗೆಯಲು ತಾನಾಗಿ ಮುಂದೆ ಹೋದ ಕೈ ಇಂದು ನಿಯಮ ನೆನೆಯುತ್ತಿದೆ ಎಂಬುದು ತಿಳಿದಾಗ ನಾಚಿಕೆಯಾಯಿತು. ಬಾಟಲಿ ತೆಗೆದುಕೊಂಡಳು. ಎಡಚಿ ಬಗ್ಗಿದಳು, ಅವಳು ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದಳು. ಹನಿ ಬೀಳಬೇಕಾದರೆ ಕಣ್ಣನ್ನು ನೋಡಲೇಬೇಕು, ಬೇರೆ ದಾರಿಯಿಲ್ಲ. ನೋಡಿದಳು. ಬಿಳಿಯೊಳಗೆ ಕಂದಾಗಿ ಹೆಪ್ಪುಗಟ್ಟಿದ ಕಲೆ, ನಡುವೆ ಯಾವುದರ ಮೇಲೂ ನಿಲ್ಲದ ಪಾಪೆ. ಅದು ಅವಳನ್ನು ನೋಡುತ್ತಿರಲಿಲ್ಲ. ಏಳು ವಾರದಲ್ಲಿ ಅವಳ ಎದುರಿಗೆ ಯಾರಾದರೂ ಅವಳನ್ನು ನೋಡದೆ ನಿಂತದ್ದು ಇದೇ ಮೊದಲು. ಹನಿ ಸರಿಯಾದ ಜಾಗಕ್ಕೆ ಬಿತ್ತು. "ಕೈ ಚೆನ್ನಾಗಿದೆ," ಎಂದಳು ಎಡಚಿ ಕಪ್ಪು ಕನ್ನಡಕ ಹಾಕಿಕೊಳ್ಳುತ್ತ. "ನಡುಗಲ್ಲ."

ಒಳಗೆ ಉದ್ದನೆಯ ಮೇಜು. ಮೂವರು ಕೂತಿದ್ದರು, ನಡುವಿನವರು ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಗಂಟಲು ಕೆಟ್ಟಿತ್ತು, ಪೆಪ್ಪರ್‌ಮಿಂಟಿನ ಕಾಗದ ಬಿಡಿಸುವ ಸದ್ದು ಎಲ್ಲರ ಮಾತಿನ ನಡುವೆ ಕೇಳುತ್ತಿತ್ತು. ಅವಳ ಕುರ್ಚಿಯ ಮುಂದೆ ತುಂಬಿದ ಲೋಟ. ಮೇಡಂ ಹಿಂದಿನ ಸಾಲಿನಲ್ಲಿ, ಬೆನ್ನಿಗೆ ಬಿಸಿಲು ಬಿದ್ದ ಹಾಗೆ ಅವರ ಇರವು ಗೊತ್ತಾಗುತ್ತಿತ್ತು. ಅವಳ ಹೇಳಿಕೆಯನ್ನು ಓದಿದರು. ನೇರವಾಗಿ ನೋಡಿದ್ದೇನೆ. ಬೇರೆಯವರ ಬಾಯಲ್ಲಿ ಕೇಳುವಾಗ ಅದು ಒಳ್ಳೆಯ ಕನ್ನಡವಾಗಿತ್ತು.

"ಇದು ನಿಮ್ಮ ಅಕ್ಷರವೇ?" ಎಂದರು ಅಧ್ಯಕ್ಷರು.

"ಹೌದು."

"ಸಹಿ?"

"ನಂದೇ."

ಎಡಚಿಯ ವಕೀಲ ಎದ್ದ. ಜೋರು ಮಾಡಲಿಲ್ಲ, ಗಟ್ಟಿಯಾಗಿ ಕೇಳಿದರೆ ಅವಳು ಚಿಪ್ಪಿನೊಳಗೆ ಸೇರಿಕೊಳ್ಳುತ್ತಾಳೆ ಎಂದು ತಿಳಿದವನ ಹಾಗೆ ಮೆಲ್ಲಗೆ ಕೇಳಿದ. "ಆ ಕೋಣೆ ನೆನಪಿದೆಯಾ ನಿಮಗೆ?"

"ಇದೆ."

"ಹೇಗಿತ್ತು, ಸ್ವಲ್ಪ ಹೇಳಿ."

ಅವಳು ಹೇಳಿದಳು. ಬಿಳಿ ಟೈಲ್ಸು. ಸೋಪಿನ ತಟ್ಟೆಗೆ ಒಂದೇ ಮೊಳೆ. ಕೆಳಗಿಂದ ನಾಲ್ಕನೇ ಸಾಲಿನಲ್ಲಿ ಮೂಲೆ ಒಡೆದದ್ದು. ನಲ್ಲಿಯ ಬಾಯಿಗೆ ಸುತ್ತಿದ ಬಟ್ಟೆಯ ಚೂರು, ನೀಲಿ. ತನ್ನ ದನಿ ಇಷ್ಟು ಹೊತ್ತು ನಿಲ್ಲದೆ ಹೋಗುವುದನ್ನು ಅವಳು ಎಂದೂ ಕೇಳಿರಲಿಲ್ಲ. ವಕೀಲ ತಲೆ ಆಡಿಸುತ್ತಿದ್ದ, ಬರೆದುಕೊಳ್ಳುತ್ತಿದ್ದ. ಹಿಂದೆ ಮೇಡಂ ಒಮ್ಮೆ ಕೆಮ್ಮಿದರು.

"ತುಂಬ ಚೆನ್ನಾಗಿ ನೋಡಿದೀರಿ," ಎಂದ ವಕೀಲ. "ಈಗ ಒಂದೇ ಪ್ರಶ್ನೆ. ಮಾದರಿ ಕೊಡುವಾಗ ಆಕೆ ಲೋಟ ಯಾವ ಕೈಲಿ ಹಿಡಿದಿದ್ರು?"

ಕೋಣೆಯಲ್ಲಿ ಪೆಪ್ಪರ್‌ಮಿಂಟಿನ ಕಾಗದದ ಸದ್ದು ನಿಂತಿತು. ಎಡಗೈ. ಉತ್ತರ ಕಣ್ಣ ಮುಂದೆಯೇ ಇತ್ತು. ಸುತ್ತಿಗೆಯ ಬಲಗೈ ಊದಿತ್ತು, ಬಾಟಲಿಯ ಮುಚ್ಚಳ ತಿರುಗಿಸಲಾಗದ ಕೈ ಲೋಟ ಹಿಡಿಯಲಾರದು. ಎಡಗೈ ಎಂದರೆ ಯಾರೂ ತಪ್ಪು ಹಿಡಿಯಲಾರರು, ಬಹುಶಃ ಅದು ನಿಜವೂ ಹೌದು. ಒಂದು ಪದ. ಅದನ್ನು ಹೇಳಿ ಕೂತರೆ ಸಂಜೆ ಮನೆಗೆ ಹೋಗಬಹುದು, ಚಪ್ಪಲಿ ಬಿಡದೆ ಬಚ್ಚಲಿಗೆ ಓಡಬಹುದು, ಅತ್ತಿಗೆ ನಗುತ್ತಾಳೆ. ನಾಳೆ ನಲವತ್ತೆರಡನೆಯ ಸಹಿ. ಎಂದೆಂದಿಗೂ ಆ ಒಂದೇ ಬಚ್ಚಲು. ಅವಳು ತಲೆಯೆತ್ತಿ ಸುತ್ತಿಗೆಯ ಕಡೆ ನೋಡಿದಳು. ಸಹಾಯಕ್ಕೋ ಕ್ಷಮೆಗೋ, ಅವಳಿಗೆ ತಿಳಿಯದು. ಸುತ್ತಿಗೆ ಅವಳನ್ನೇ ನೋಡುತ್ತಿದ್ದವಳು, ಆ ಗಳಿಗೆಗೆ ಸರಿಯಾಗಿ, ಮೆಲ್ಲಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹಿಂಸೆಯಲ್ಲಿರುವವರಿಗೆ ಮರ್ಯಾದೆ ಕೊಟ್ಟು ತಿರುಗುವ ಹಾಗೆ. ಕಿಟಕಿಯಲ್ಲಿ ಎದುರಿನ ಕಟ್ಟಡದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅದು ನಾಚಿಕೆಯೋ ಲೆಕ್ಕಾಚಾರವೋ ಎಂದು ಈಗಲೂ ಅವಳಿಗೆ ಹೇಳಲಾಗುತ್ತಿರಲಿಲ್ಲ. ಅವಳು ಹೇಳಬೇಕಾದದ್ದೂ ಅದಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ಕಪ್ಪು ಕನ್ನಡಕ ಮಾತ್ರ ಅವಳ ಕಡೆಗೇ ತಿರುಗಿ ನಿಂತಿತ್ತು.

"ಎಡಗೈಯೋ ಬಲಗೈಯೋ?" ಎಂದರು ಅಧ್ಯಕ್ಷರು, ತಾಳ್ಮೆಯಿಂದ. "ಜ್ಞಾಪಿಸಿಕೊಂಡು ಹೇಳಿ. ಅವಸರ ಇಲ್ಲ."

ಅವಳು ಮುಂದಿನ ಲೋಟ ಎತ್ತಿ ನೀರು ಕುಡಿದಳು. ನಿಲ್ಲಿಸದೆ, ತಳದ ತನಕ, ಎಲ್ಲರೂ ನೋಡುತ್ತಿರುವಾಗಲೇ. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಹಿಂದಿನ ಸಾಲಿಗೂ ಕೇಳುವ ದನಿಯಲ್ಲಿ ಹೇಳಿದಳು.

"ನಂಗೆ ಗೊತ್ತಿಲ್ಲ ಸರ್. ನಾನು ಗೋಡೆ ನೋಡ್ತಾ ನಿಂತಿದ್ದೆ."